ಪ್ರವಾಸಕ್ಕೆ ಮಗಳ ಗೆಳತಿಯೂ ಬರಬಹುದಾ?

ರಜೆ ಹತ್ತಿರ ಬಂದ ಹಾಗೆ ಈ ಒಂದೇ ವಿಷಯದ ಪತ್ರಗಳು ಜಾಸ್ತಿ ಆಗಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ 10 ವರ್ಷ, ಮಗನಿಗೆ 6. ರಜೆಯಲ್ಲಿ ಐದು ದಿನದ ಪ್ರವಾಸ ಹೊರಟಿದ್ದೇವೆ. ಕ್ಲಾಸಿನ ಗೆಳತಿಯನ್ನೂ ಕರೆದುಕೊಂಡು ಹೋಗೋಣ ಅಂತ ಮಗಳದು ಒಂದೇ ಹಠ. ಆ ಹುಡುಗಿ ಒಳ್ಳೆಯವಳು, ಸಂಜೆ ನಮ್ಮ ಮನೆಗೆ ಆಡಲು ಬರುತ್ತಾಳೆ. ನನ್ನವರು ಮಾತ್ರ 'ನಾವು ನಾಲ್ಕು ಜನ ಒಟ್ಟಿಗೆ ಇರೋದೇ ವರ್ಷಕ್ಕೆ ಒಂದ್ಸಲ, ಅದರಲ್ಲೂ ಬೇರೆಯವರ ಮಗು ಯಾಕೆ' ಅನ್ನುತ್ತಾರೆ. ಎಷ್ಟು ವಯಸ್ಸಾದ ಮೇಲೆ ಇದಕ್ಕೆಲ್ಲ ಒಪ್ಪಬಹುದು?

ಉತ್ತರ: ವಯಸ್ಸು ಆಮೇಲೆ. ಅದರಲ್ಲೂ ನಿಮ್ಮ ಮಗಳ ವಯಸ್ಸು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವಳ ಅಪ್ಪ ಅಮ್ಮ ಜೊತೆಯಲ್ಲೇ ಇರುತ್ತಾರಲ್ಲ. ಮನೆಯವರನ್ನು ಬಿಟ್ಟು ಬರುವವಳು ಆ ಗೆಳತಿ. ಅವಳ ಬಗ್ಗೆ ನಿಮಗೆ ಗೊತ್ತಿರುವುದು ಹಗಲಿನ ವಿಷಯ ಮಾತ್ರ. ಸಂಜೆ ಬಂದು ಎರಡು ಗಂಟೆ ಆಡಿ, 'ಬರ್ತೀನಿ ಆಂಟಿ' ಅಂತ ಹೋಗುವ ಮಕ್ಕಳೆಲ್ಲ ಒಳ್ಳೆಯವರೇ. ರಾತ್ರಿ ಹೇಗಿರುತ್ತಾಳೆ ಅಂತ ನೀವು ನೋಡಿಲ್ಲ, ಅಲ್ವಾ?

ನಾನೂ ನೋಡಿರಲಿಲ್ಲ. ಮಗಳಿಗೆ 9 ವರ್ಷ ಇದ್ದಾಗ ಅವಳ ಜೀವದ ಗೆಳತಿಯನ್ನು ನಾಲ್ಕು ರಾತ್ರಿಯ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಹಗಲೆಲ್ಲ ಇಬ್ಬರದ್ದೂ ನಗುವೇ ನಗು. ಎರಡನೇ ರಾತ್ರಿ ಎಚ್ಚರವಾಗಿ ನೋಡಿದರೆ ಬಾತ್‌ರೂಮಿನ ಬಾಗಿಲಡಿ ಬೆಳಕು. ಆ ಹುಡುಗಿ ಒಳಗೆ ನೆಲದ ಮೇಲೆ ಕೂತಿದ್ದಳು. ಬಟ್ಟೆಯನ್ನೆಲ್ಲ ಬ್ಯಾಗಿಗೆ ತುಂಬಿ, ಜಿಪ್ ಎಳೆದು, ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡಿದ್ದಳು. ಶೂ ಕೂಡ ಹಾಕಿದ್ದಳು, ಲೇಸ್ ಮಾತ್ರ ಕಟ್ಟಿರಲಿಲ್ಲ. ಅಳುತ್ತಿರಲಿಲ್ಲ. 'ಆಂಟಿ, ಮನೆಗೆ ಎಷ್ಟೊತ್ತಿಗೆ ಹೊರಡೋದು?' ಅಂತ ಕೇಳಿದಳು. ಗಂಟೆ ನೋಡಿದರೆ ಎರಡು, ನಾವು ಹೊರಡುವುದಕ್ಕೆ ಇನ್ನೂ ಎರಡು ದಿನ ಇತ್ತು. ಅವರ ಮನೆಯಲ್ಲಿ ರಾತ್ರಿ ದೀಪ ಆರಿಸುವುದೇ ಇಲ್ಲವಂತೆ, ಕತ್ತಲಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲವಂತೆ. ಹೊರಡುವ ಮೊದಲು ಅವಳ ಅಮ್ಮನ ಹತ್ತಿರ ಬಟ್ಟೆ ಕೇಳಿದ್ದೆ, ಔಷಧಿ ಕೇಳಿದ್ದೆ. ದೀಪದ ವಿಷಯ ಕೇಳಬೇಕು ಅಂತ ಹೊಳೆದೇ ಇರಲಿಲ್ಲ.

ಆದ್ದರಿಂದ ಮೊದಲು ಒಂದು ರಾತ್ರಿ ನಿಮ್ಮ ಮನೆಯಲ್ಲೇ ಉಳಿಸಿಕೊಳ್ಳಿ. ಅದು ಚೆನ್ನಾಗಿ ಹೋದರೆ ಇನ್ನೊಂದು ವಾರ ಎರಡು ರಾತ್ರಿ. ಮನೆ ನೆನಪಾಗಿ ಮಕ್ಕಳು ಕಂಗಾಲಾಗುವುದರ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಪತ್ರಿಕೆ 'ಪೀಡಿಯಾಟ್ರಿಕ್ಸ್'ನಲ್ಲಿ 2007ರಲ್ಲಿ ಒಂದು ಲೇಖನ ಬಂದಿತ್ತು. ಅದೂ ಹೇಳುವುದು ಇದನ್ನೇ: ಮೊದಲೇ ಸ್ವಲ್ಪ ಸ್ವಲ್ಪ ದೂರ ಇದ್ದು ಅಭ್ಯಾಸ ಆಗಲಿ. ಅದರಲ್ಲಿರುವ ಇನ್ನೊಂದು ಮಾತು ನನಗೆ ತುಂಬ ಹಿಡಿಸಿತು. 'ಬೇಜಾರಾದ್ರೆ ಫೋನ್ ಮಾಡು, ತಕ್ಷಣ ಬಂದು ಕರ್ಕೊಂಡು ಹೋಗ್ತೀವಿ' ಅಂತ ಮಕ್ಕಳಿಗೆ ಮಾತು ಕೊಡಬೇಡಿ ಅನ್ನುತ್ತದೆ. ನಾವೆಲ್ಲ ಪ್ರೀತಿಯಿಂದ ಹೇಳುವ ಮಾತೇ ಅದು. ಆದರೆ ಮಗುವಿಗೆ ಕೇಳಿಸುವುದು 'ನಿನ್ನ ಕೈಲಿ ಆಗಲ್ಲ ಅಂತ ನಮಗೆ ಗೊತ್ತು' ಅಂತ. ಆ ಹುಡುಗಿಯ ಅಮ್ಮನಿಗೂ ಇದನ್ನು ಮೆಲ್ಲಗೆ ಹೇಳಿ.

ಇನ್ನೊಂದು ವಿಷಯ, ಮಕ್ಕಳು ಯಾರೂ ಬಾಯಿಬಿಟ್ಟು ಹೇಳದೇ ಇರುವುದು. 10 ವರ್ಷದ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳು ಇನ್ನೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಅಂಥ ಮಗು 'ನನಗೆ ಬರೋಕೆ ಇಷ್ಟ ಇಲ್ಲ' ಅಂದುಬಿಡುತ್ತದೆ, ಇಲ್ಲವೇ ಬಂದು ರಾತ್ರಿಯೆಲ್ಲ ಎಚ್ಚರವಾಗಿ ಮಲಗಿರುತ್ತದೆ. ಅಮ್ಮನ ಹತ್ತಿರ ನೀವೊಬ್ಬರೇ ಇದ್ದಾಗ ಕೇಳಿ, ನಿಮ್ಮ ಮಗಳ ಕಿವಿಗೆ ಬೀಳದ ಹಾಗೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಬೇರೆಯವರ ಮಗುವಿಗೆ 'ಬೇಡ' ಅನ್ನಲು ನಿಮ್ಮಿಂದ ಆಗುತ್ತದಾ? ನೀರಿಗೆ ಇಳಿಯಬೇಡ, ಫೋನ್ ಇಡು, ಸಾಕು ಮಲಗು. ನಿಮ್ಮ ಮಗಳಿಗಾದರೆ ಗದರಿ ಹೇಳುತ್ತೀರಿ. ಅವಳಿಗೆ 'ಪುಟ್ಟಾ, ಸ್ವಲ್ಪ...' ಅಂತ ರಾಗ ಎಳೆಯುತ್ತೀರಿ. ಎರಡನೇ ದಿನಕ್ಕೆ ಮಗಳಿಗೆ ಇದು ಗೊತ್ತಾಗುತ್ತದೆ, ಒಂದೇ ತಪ್ಪಿಗೆ ತನಗೆ ಬೈಗುಳ, ಗೆಳತಿಗೆ ಮುದ್ದು ಅಂತ. ಅಲ್ಲಿಂದ ಶುರು. ಅದೇ ಹೊತ್ತಿಗೆ ಆ ಮಗುವಿನ ಮೇಲೆ ಇಬ್ಬರ ಮೇಲೆ ಇಡುವಷ್ಟು ನಿಗಾ ಇಡಬೇಕಾಗುತ್ತದೆ. ಏನಾದರೂ ಆದರೆ ಉತ್ತರ ಹೇಳಬೇಕಾದವರು ನೀವು. ಇಷ್ಟಕ್ಕೆ ಮನಸ್ಸು ಸಿದ್ಧ ಇದ್ದರೆ ಮಗು 9 ವರ್ಷದ್ದಾದರೂ ಸರಿ. ಇಲ್ಲ ಅಂದರೆ 14 ಆದರೂ ಬೇಡ.

ನಿಮ್ಮವರ ಮಾತನ್ನು ತಳ್ಳಿಹಾಕಬೇಡಿ. ಹೊರಗಿನ ಮಗು ಒಂದು ಇದ್ದರೆ ಮನೆಯವರು ಪೂರ್ತಿ ಸಡಿಲ ಆಗುವುದಿಲ್ಲ, ಜಗಳ ಕೂಡ ಪಿಸುಮಾತಿನಲ್ಲಿ ಆಡಬೇಕು. ಮತ್ತೆ ನಿಮ್ಮ ಪತ್ರದಲ್ಲಿ ಒಂದೇ ಸಲ ಬಂದು ಹೋದ ಆ 6 ವರ್ಷದವನು! ಅಕ್ಕ ಮತ್ತು ಗೆಳತಿ ಜೋಡಿ ಆದರೆ ಅವನು ಯಾರ ಜೊತೆ? ಐದು ದಿನ 'ಅಮ್ಮಾ, ನನ್ನ ಸೇರಿಸಿಕೊಳ್ತಿಲ್ಲ' ಅನ್ನುವ ರಾಗ ಕೇಳುವವರು ನೀವೇ. ಕಾರಿನಲ್ಲಿ ಹೋಗುವುದಾದರೆ ಹಿಂದಿನ ಸೀಟಿನಲ್ಲಿ ಮೂರು ಮಕ್ಕಳಿಗೂ ಬೇರೆ ಬೇರೆ ಬೆಲ್ಟ್ ಇದೆಯಾ ಅಂತ ಈಗಲೇ ನೋಡಿ. 13 ವರ್ಷದೊಳಗಿನವರು ಹಿಂದೆಯೇ ಕೂರಬೇಕು, ಸುಮಾರು 145 ಸೆಂಟಿಮೀಟರ್ ಎತ್ತರ ಆಗುವ ತನಕ ಬೂಸ್ಟರ್ ಸೀಟ್ (ಬೆಲ್ಟ್ ಸರಿಯಾಗಿ ಕೂರುವ ಹಾಗೆ ಮಗುವನ್ನು ಎತ್ತರಿಸುವ ಸೀಟು) ಬೇಕು ಅನ್ನುತ್ತಾರೆ ಮಕ್ಕಳ ವೈದ್ಯರು. ಎಷ್ಟೋ ಸಲ ಪ್ರಶ್ನೆ ಅಲ್ಲೇ ಮುಗಿದುಹೋಗುತ್ತದೆ.

ನನ್ನನ್ನು ಕೇಳಿದರೆ, ಈ ಸಲ ಬೇಡ. ಮೊದಲನೇ ಸಲವೇ ಐದು ದಿನ ತುಂಬ ಜಾಸ್ತಿ. ಮಗಳಿಗೆ ಸುಮ್ನೆ 'ನೋಡೋಣ' ಅಂತ ತೇಲಿಸಬೇಡಿ. 'ಈ ಪ್ರವಾಸ ನಾವು ನಾಲ್ಕೇ ಜನ, ಅದಾದ ಮೇಲೆ ಶನಿವಾರ ಭಾನುವಾರ ಒಂದು ಚಿಕ್ಕ ಟ್ರಿಪ್, ಅದಕ್ಕೆ ಅವಳೂ ಬರಲಿ' ಅಂತ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಪ್ರಶ್ನೆ: ಮಗನ ಸ್ನೇಹಿತ ನಮ್ಮ ಜೊತೆ ಬರುವುದು ಪಕ್ಕಾ ಆಗಿದೆ, ಇಬ್ಬರಿಗೂ 13. ಖರ್ಚಿನ ಬಗ್ಗೆ ಅವರ ಮನೆಯವರ ಹತ್ತಿರ ಹೇಗೆ ಮಾತಾಡುವುದು? ಕೇಳಿದರೆ ಜಿಪುಣ ಅಂದುಕೊಳ್ಳುತ್ತಾರೆ ಅನ್ನಿಸುತ್ತದೆ. ಬೇರೆ ಏನೇನು ಕೇಳಿ ಇಟ್ಟುಕೊಳ್ಳಬೇಕು?

ಉತ್ತರ: ಕೇಳದೆ ಹೋಗಿ ಆಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ಜಿಪುಣ ಅನ್ನಿಸಿಕೊಳ್ಳುವುದೇ ವಾಸಿ. ನಾನು ಪಾಲಿಸುವುದು ಇಷ್ಟು: ಕರೆದವರು ನಾವು, ಹಾಗಾಗಿ ಉಳಿಯುವುದು, ಊಟ ನಮ್ಮದು. ಅವನಿಗೆಂದೇ ಬೇರೆ ಟಿಕೆಟ್ ತೆಗೆಯಬೇಕಾದರೆ ಅದು ಅವರದು. ಕೈಖರ್ಚಿನ ದುಡ್ಡು ಮಾತ್ರ ಇಬ್ಬರು ಹುಡುಗರಿಗೂ ಒಂದೇ ಮೊತ್ತ ಇರಲಿ, ಒಬ್ಬನ ಜೇಬು ತುಂಬಿ ಇನ್ನೊಬ್ಬನದು ಖಾಲಿ ಇದ್ದರೆ ಅಂಗಡಿ ಮುಂದೆ ಒಬ್ಬರಿಗಾದರೂ ಮುಖ ಸಪ್ಪೆ ಆಗುತ್ತದೆ. ಅವರ ಮನೆಯಲ್ಲಿ ಕೈ ಬಿಗಿ ಇದೆ ಅಂತ ಅನ್ನಿಸಿದರೆ ಟಿಕೆಟ್ಟಿನ ಮಾತೇ ತೆಗೆಯಬೇಡಿ, ನಿಮ್ಮ ಕೈಲಾದರೆ ಹಾಕಿಬಿಡಿ, ಆಗದಿದ್ದರೆ ಹತ್ತಿರದ ಜಾಗ ಆರಿಸಿ.

ಉಳಿದದ್ದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಮರೆತುಹೋಗುತ್ತದೆ. ಯಾವುದಕ್ಕೆ ಅಲರ್ಜಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಜ್ವರ ಬಂದರೆ ಅವರ ಮನೆಯಲ್ಲಿ ಏನು ಕೊಡುತ್ತಾರೆ, ಪ್ರಯಾಣದಲ್ಲಿ ವಾಂತಿ ಆಗುತ್ತದಾ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸಂದರ್ಭ ಬಂದರೆ ಅದಕ್ಕೆ ಒಪ್ಪಿಗೆ ಇದೆ ಅಂತ ಅಪ್ಪ ಅಮ್ಮ ಸಹಿ ಮಾಡಿದ ಒಂದು ಪತ್ರ, ಗುರುತಿನ ಚೀಟಿಯ ಪ್ರತಿ, ಇನ್ಶೂರೆನ್ಸ್ ಇದ್ದರೆ ಅದರ ವಿವರ. ಬೇರೆ ದೇಶಕ್ಕೆ ಹೋಗುವುದಾದರೆ ಈ ಪತ್ರ ಇನ್ನೂ ಮುಖ್ಯ. ಅಪ್ಪ ಅಮ್ಮ ಇಲ್ಲದೆ ಗಡಿ ದಾಟುವ ಮಗುವಿನ ಜೊತೆ ಇಂಥ ಒಪ್ಪಿಗೆ ಪತ್ರ ಇರಲಿ ಅಂತ ಅಮೆರಿಕ, ಕೆನಡಾ ಸರ್ಕಾರಗಳೇ ಸಲಹೆ ಕೊಡುತ್ತವೆ. ಅದನ್ನು ನೋಟರಿ ಹತ್ತಿರ ಮಾಡಿಸಿಕೊಳ್ಳಿ. ಅಪ್ಪ ಅಮ್ಮ ಬೇರೆಯಾಗಿದ್ದರೆ ಇಬ್ಬರ ಸಹಿಯನ್ನೂ ಕೇಳಿ, ಮುಜುಗರ ಆದರೂ ಪರವಾಗಿಲ್ಲ.

'ಈಜು ಬರುತ್ತಾ?' ಅಂತ ಹುಡುಗನನ್ನು ಕೇಳಬೇಡಿ. 13 ವರ್ಷದ ಯಾವ ಹುಡುಗನೂ ಸ್ನೇಹಿತನ ಎದುರು ಬರಲ್ಲ ಅನ್ನುವುದಿಲ್ಲ. ಅಪ್ಪನನ್ನು ಕೇಳಿ. ಅವರು ಬರುತ್ತೆ ಅಂದರೂ ಮೊದಲ ಸಲ ನೀರಿಗೆ ಇಳಿದಾಗ ನೀವು ಫೋನ್ ಒಳಗಿಟ್ಟು ಪಕ್ಕದಲ್ಲೇ ಇರಿ. ಮುಳುಗುವವರು ಕೂಗಿ ಕರೆಯುತ್ತಾರೆ ಅಂತ ಅಂದುಕೊಂಡಿದ್ದೇವೆ, ಆದರೆ ಸಾಮಾನ್ಯವಾಗಿ ಅದು ಸದ್ದಿಲ್ಲದೆ ನಡೆಯುತ್ತದೆ. ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ಉಸಿರಿಗೇ ಒದ್ದಾಟ, ಕೂಗುವುದೆಲ್ಲಿ ಬಂತು.

ಹಾಂ, ಅವನ ಫೋಟೋ ಎಲ್ಲಿಯಾದರೂ ಹಾಕುವ ಮೊದಲು ಮನೆಯವರನ್ನು ಕೇಳಿ.

ಪ್ರಶ್ನೆ: ಹೋದ ವರ್ಷ ಮಗಳ (11) ಗೆಳತಿಯನ್ನು ಕರೆದುಕೊಂಡು ಹೋಗಿ ಸಾಕಾಯಿತು. ಮೂರನೇ ದಿನ ಇಬ್ಬರೂ ಮಾತು ಬಿಟ್ಟರು. ಒಬ್ಬಳು ಕಿಟಕಿ ಕಡೆ, ಇನ್ನೊಬ್ಬಳು ಗೋಡೆ ಕಡೆ. ವಾಪಸ್ ಬಂದ ಮೇಲೂ ಸರಿಹೋಗಲಿಲ್ಲ, ಈಗ ಅವಳ ಅಮ್ಮನೂ ನನ್ನ ಹತ್ತಿರ ಅಷ್ಟಕ್ಕಷ್ಟೇ. ಈ ವರ್ಷ ಮಗಳು ಇನ್ನೊಬ್ಬಳ ಹೆಸರು ಹೇಳುತ್ತಿದ್ದಾಳೆ. ನನಗೆ ಭಯ.

ಉತ್ತರ: ಮೂರನೇ ದಿನದ ಜಗಳ ಅಂದರೆ ಅದು ನಿಮ್ಮ ಮನೆಯ ವಿಶೇಷ ಏನಲ್ಲ. ಶಾಲೆಯಲ್ಲಿ ಸ್ನೇಹಕ್ಕೆ ನಡುವೆ ಬಿಡುವು ಸಿಗುತ್ತದೆ, ಸಂಜೆ ಬೆಲ್ ಹೊಡೆದ ಮೇಲೆ ಮಾರನೇ ಬೆಳಗಿನ ತನಕ ಇಬ್ಬರೂ ಬೇರೆ ಬೇರೆ. ಪ್ರವಾಸದಲ್ಲಿ ಬೆಲ್ ಹೊಡೆಯುವವರು ಯಾರೂ ಇಲ್ಲ. ಒಂದೇ ರೂಮು, ಒಂದೇ ಸೀಟು, ಒಂದೇ ಕನ್ನಡಿ. ಗಂಡ ಹೆಂಡತಿಗೇ ಕಷ್ಟ ಆಗುತ್ತದೆ, ಇನ್ನು 11 ವರ್ಷದವರು!

ಆ ಬೆಲ್ ನೀವೇ ಹೊಡೆಯಬೇಕು. ದಿನಕ್ಕೆ ಒಂದು ಗಂಟೆ ಇಬ್ಬರೂ ಬೇರೆ ಬೇರೆ. ಮಗಳು ಅಪ್ಪನ ಜೊತೆ ಸುತ್ತಾಡಿ ಬರಲಿ, ಗೆಳತಿ ನಿಮ್ಮ ಜೊತೆ ಕೂತು ಏನೋ ಓದಲಿ, ಮನೆಗೆ ಫೋನ್ ಮಾಡಲಿ. ಜಗಳ ಆಗುವ ತನಕ ಕಾಯಬೇಡಿ, ಮೊದಲ ದಿನದಿಂದಲೇ ಮಾಡಿ, ಆಗ ಅದು ಶಿಕ್ಷೆ ಅನ್ನಿಸುವುದಿಲ್ಲ. ಜಗಳ ಆದರೆ ಯಾರದು ತಪ್ಪು ಅಂತ ವಿಚಾರಣೆಗೆ ಕೂರಬೇಡಿ. ಅತಿಥಿ ಅಂತ ಅವಳ ಪರ, ಹೆತ್ತವಳು ಅಂತ ಮಗಳ ಪರ, ಯಾವ ಕಡೆ ನಿಂತರೂ ಇನ್ನೊಬ್ಬಳು ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾಳೆ. ನಿಮಗೆ ಆಗಿರುವುದೂ ಹೀಗೆಯೇ ಏನೋ, ಪತ್ರದಲ್ಲಿ ನೀವು ಆ ಭಾಗ ಬರೆದಿಲ್ಲ.

ಹೊಸ ಹುಡುಗಿಯ ವಿಷಯಕ್ಕೆ ಹಳೆಯ ಹುಡುಗಿಯ ಲೆಕ್ಕ ತರಬೇಡಿ. ಆದರೆ ಮಗಳನ್ನು ಒಂದು ಕೇಳಿ: 'ನೀವಿಬ್ಬರೂ ಜಗಳ ಆಡಿದ್ದೀರಾ?' ಇಲ್ಲವೇ ಇಲ್ಲ ಅಂದರೆ ಇನ್ನೂ ಕಾಯಿರಿ. ಆಡಿ ರಾಜಿ ಆಗಿದ್ದರೆ ಧೈರ್ಯವಾಗಿ ಕರೆದುಕೊಂಡು ಹೋಗಿ. ಆ ಹಳೆಯ ಗೆಳತಿಯ ಅಮ್ಮನಿಗೆ ಒಂದು ಫೋನ್ ಮಾಡಿ, ಮಕ್ಕಳ ಮಾತು ತೆಗೆಯದೆ ಸುಮ್ನೆ ಹೇಗಿದ್ದೀರಿ ಅಂತ ಕೇಳಿ.

ಪ್ರಶ್ನೆ: ಆಂಟಿ, ನನಗೆ 12 ವರ್ಷ. ನಾನು ಒಬ್ಬನೇ ಮಗ. ಟ್ರಿಪ್‌ನಲ್ಲಿ ಅಪ್ಪ ಅಮ್ಮ ಇಬ್ಬರೇ ಮಾತಾಡ್ತಾರೆ, ನನಗೆ ಬೋರ್. ಸ್ನೇಹಿತನನ್ನು ಕರೆಯೋಕೆ ಹೇಗೆ ಒಪ್ಪಿಸೋದು? ಅವನಿಗೆ ಆಗಲೇ ಹೇಳಿಬಿಟ್ಟಿದ್ದೀನಿ.

ಉತ್ತರ: ಆ ಕೊನೆಯ ವಾಕ್ಯ ಇದೆಯಲ್ಲ ಮರಿ, ಅದನ್ನೇ ಮೊದಲು ಅಪ್ಪ ಅಮ್ಮನಿಗೆ ಹೇಳು. ಇವತ್ತೇ. ಅವನ ಮನೆಯಿಂದ ಫೋನ್ ಬಂದು ಅವರಿಗೆ ಗೊತ್ತಾದರೆ ನಿನ್ನ ಕೆಲಸ ಕೆಟ್ಟಿತು. ಆಮೇಲೆ ಸ್ನೇಹಿತನಿಗೆ 'ಇನ್ನೂ ಕೇಳಿಲ್ಲ ಕಣೋ, ಆತುರಪಟ್ಟೆ' ಅಂತ ಹೇಳು, ಅವನು ಬ್ಯಾಗ್ ತುಂಬಿಕೊಂಡು ಕಾಯುವ ಹಾಗೆ ಆಗಬಾರದು.

ಕೇಳುವಾಗ 'ಬೋರ್ ಆಗುತ್ತೆ' ಅನ್ನಬೇಡ. ಅದನ್ನು ಕೇಳಿದರೆ ಅಪ್ಪ ಅಮ್ಮನಿಗೆ ಒಳಗೇ ಚುಚ್ಚುತ್ತದೆ. 'ಅವನು ಬಂದರೆ ನೀವಿಬ್ಬರೂ ಸ್ವಲ್ಪ ಹೊತ್ತು ಆರಾಮಾಗಿ ಕೂರಬಹುದು' ಅನ್ನು, ಅದು ಸುಳ್ಳೂ ಅಲ್ಲ. ಎಲ್ಲ ದಿನವೂ ಅವನ ಜೊತೆಗೇ ಇರುತ್ತೇನೆ ಅಂತ ಕೂರಬೇಡ, ಒಂದು ಸಂಜೆ ನೀವು ಮೂವರೇ ಇರುವ ಹಾಗೆ ನೀನೇ ಪ್ಲಾನ್ ಹೇಳು. ಅವನನ್ನು ಒಂದು ರಾತ್ರಿ ಮನೆಗೆ ಕರೆದು, ಬೆಳಿಗ್ಗೆ ಯಾರೂ ಹೇಳದೆ ಇಬ್ಬರೂ ಹಾಸಿಗೆ ಮಡಚಿ ಇಡಿ. ಹತ್ತು ಸಲ ಕೇಳುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ. ಆದರೂ ಬೇಡ ಅಂದರೆ ಕಾರಣ ಕೇಳು, ಒಂದೇ ಸಲ. ಏನಂದರು ಅಂತ ನನಗೂ ಬರೆ.