ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಒಂದೇ ಲಸಿಕೆ ಎಷ್ಟು ಸಲ?

ಪ್ರಶ್ನೆ: ಎಂಟು ವಾರದ ನಾಯಿಮರಿಯನ್ನು ಮನೆಗೆ ತಂದಿದ್ದೇವೆ. ಆರನೇ ವಾರದಲ್ಲಿ ಒಂದು ಲಸಿಕೆ ಆಗಿದೆಯೆಂದು ಮರಿಯನ್ನು ಕೊಟ್ಟವರು ಹೇಳಿದರು. ಆದರೂ ವೈದ್ಯರು ಅದೇ ಲಸಿಕೆಗಾಗಿ ಇನ್ನೂ ಮೂರು ಸಲ ಕರೆತರಲು ಹೇಳುತ್ತಿದ್ದಾರೆ. ಇಷ್ಟು ಸಲ ಚುಚ್ಚಿಸಲೇಬೇಕೇ?

ಉತ್ತರ: ಚುಚ್ಚಿಸಲೇಬೇಕು. ಒಂದು ಡೋಸಿನ ಶಕ್ತಿ ಸಾಲದೆಂದು ಹೀಗೆ ಮಾಡುತ್ತಾರೆಂಬುದು ಹಲವರ ಊಹೆ. ನಿಜವಾದ ಕಾರಣ ತಾಯಿಯ ಹಾಲಿನಲ್ಲಿದೆ. ಹುಟ್ಟಿದ ದಿನ ಕುಡಿದ ಗಿಣ್ಣುಹಾಲಿನ ಮೂಲಕ ಮರಿಗೆ ಬರುವ ಪ್ರತಿಕಾಯಗಳು ರೋಗಾಣುವನ್ನು ತಡೆಯುವಂತೆಯೇ ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ಸನ್ನೂ ತಡೆದುಬಿಡುತ್ತವೆ. ಆಗ ಚುಚ್ಚುಮದ್ದು ಆಗಿದ್ದರೂ ಮರಿಗೆ ಸ್ವಂತ ರಕ್ಷಣೆ ಬಂದಿರುವುದಿಲ್ಲ. ಈ ಪ್ರತಿಕಾಯಗಳು ಒಂದು ಮರಿಯಲ್ಲಿ 8ನೇ ವಾರಕ್ಕೇ ಕರಗಿಹೋದರೆ, ಅದೇ ಸೂಲಿನ ಇನ್ನೊಂದು ಮರಿಯಲ್ಲಿ 12 ವಾರ ಕಳೆದರೂ ಉಳಿದಿರಬಹುದು. ನಡುವೆ ಕೆಲವು ದಿನಗಳು ಇನ್ನೂ ಅಪಾಯಕಾರಿ: ಲಸಿಕೆಯನ್ನು ತಡೆಯುವಷ್ಟು ಪ್ರತಿಕಾಯ ಇರುತ್ತದೆ, ರೋಗವನ್ನು ತಡೆಯುವಷ್ಟು ಇರುವುದಿಲ್ಲ.

ಯಾವ ಮರಿಯಲ್ಲಿ ಆ ಅಡ್ಡಿ ಎಂದು ಸರಿಯುತ್ತದೆಂದು ಹೊರಗಿನಿಂದ ನೋಡಿ ಹೇಳಲಾಗದ ಕಾರಣ 6ರಿಂದ 8ನೇ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೂ ಲಸಿಕೆಯನ್ನು ಮರಳಿ ಕೊಡುತ್ತಾರೆ. ನನ್ನ ಮಟ್ಟಿಗೆ ಈ ಸರಣಿಯಲ್ಲಿ ಯಾವುದನ್ನೂ ಬಿಡಬಾರದು, ಕೊನೆಯದನ್ನಂತೂ ಬಿಡಲೇಬಾರದು. ಆದರೆ ಮರಿ ಗಟ್ಟಿಮುಟ್ಟಾಗಿ ಓಡಾಡುವುದನ್ನು ಕಂಡು ಮನೆಯವರು ತಪ್ಪಿಸುವುದು ಹೆಚ್ಚಾಗಿ ಅದನ್ನೇ.

ಪಾರ್ವೊ, ಡಿಸ್ಟೆಂಪರ್ (ಉಸಿರಾಟವನ್ನೂ ನರಗಳನ್ನೂ ಕೆಡಿಸುವ ವೈರಸ್ ರೋಗ) ಮತ್ತು ಯಕೃತ್ತಿನ ಸೋಂಕನ್ನು ಈ ಸಂಯುಕ್ತ ಲಸಿಕೆ ತಡೆಯುತ್ತದೆ. ರೇಬೀಸ್ ಲಸಿಕೆ ಬೇರೆ. ಅದನ್ನು ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ ಹಾಕುತ್ತಾರೆ. ರಕ್ತ ಬೆರೆತ ಭೇದಿಯಿಂದ ಮರಿಯನ್ನು ಎರಡು ಮೂರು ದಿನಗಳಲ್ಲೇ ಹಣ್ಣುಮಾಡುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಸರಣಿ ಮುಗಿಯುವವರೆಗೆ ಅಪರಿಚಿತ ನಾಯಿಗಳು ಓಡಾಡುವ ನೆಲದಲ್ಲಿ ಮರಿಯನ್ನು ಬಿಡಬೇಡಿ. ಹಾಗೆಂದು ಕೂಡಿಹಾಕಬೇಕಾಗಿಯೂ ಇಲ್ಲ: ಎತ್ತಿಕೊಂಡು ತಿರುಗಾಡಿಸಬಹುದು, ಲಸಿಕೆಯಾದ ಪರಿಚಿತ ನಾಯಿಗಳೊಡನೆ ಆಡಲು ಬಿಡಬಹುದು.

ಮೊದಲ ಲಸಿಕೆ ಆಗಿದೆಯೆಂಬ ಬಾಯಿಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೀಸೆಯ ಮೇಲಿನ ಪುಟ್ಟ ಚೀಟಿಯನ್ನು ಕಿತ್ತು ಲಸಿಕೆ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದು ವೈದ್ಯರು ಸಹಿ ಮಾಡಿದ್ದರೆ ಮಾತ್ರ ಅದು ದಾಖಲೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಟ್ಟಿರಬೇಕಾದ್ದರಿಂದ, ಎಲ್ಲೋ ಬಿಸಿಲಲ್ಲಿ ಉಳಿದ ಸೀಸೆಯಿಂದ ಚುಚ್ಚಿದ್ದರೆ ಅದು ಬರಿ ನೀರು ಚುಚ್ಚಿದಂತೆ.

ಪ್ರಶ್ನೆ: ನಾಲ್ಕು ವರ್ಷದ ನಾಯಿಗೆ ಪ್ರತಿವರ್ಷ ಎಲ್ಲ ಲಸಿಕೆಗಳೂ ಬೇಕೇ?

ಉತ್ತರ: ಬೇಡ. ಮರಿಯಾಗಿದ್ದಾಗಿನ ಸರಣಿಯೂ ಅದರ ನಂತರದ ವರ್ಧಕ ಡೋಸೂ ಸರಿಯಾಗಿ ಆಗಿದ್ದರೆ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳನ್ನು ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು. ಇಲಿಜ್ವರದ ಲಸಿಕೆಯ ರಕ್ಷಣೆ ಬೇಗ ಇಳಿಯುವುದರಿಂದ ಅದು ವರ್ಷಕ್ಕೊಮ್ಮೆ ಬೇಕು. ರೇಬೀಸಿಗೆ ಆಯಾ ಲಸಿಕೆಯ ಅವಧಿಯನ್ನೂ ನೀವಿರುವಲ್ಲಿನ ಕಾನೂನನ್ನೂ ಅನುಸರಿಸಿ.

ಪ್ರಶ್ನೆ: ಹೊಸ್ತಿಲು ದಾಟದ ಬೆಕ್ಕಿಗೆ ಲಸಿಕೆ ಏಕೆ? ಚುಚ್ಚಿದ ಕಡೆ ಗಡ್ಡೆಯಾಗುತ್ತದೆಂದೂ ಕೇಳಿದ್ದೇವೆ.

ಉತ್ತರ: ಬೆಕ್ಕು ಹೊಸ್ತಿಲು ದಾಟದಿದ್ದರೂ ನಿಮ್ಮ ಚಪ್ಪಲಿ ದಾಟುತ್ತದೆ. ಪಾರ್ವೊವಿನ ದಾಯಾದಿಯಾದ ಪ್ಯಾನ್‌ಲ್ಯುಕೊಪೀನಿಯಾ ವೈರಸ್ ಅಷ್ಟೇ ಗಟ್ಟಿಜೀವಿ. ಪಾದರಕ್ಷೆಗೂ ಬಟ್ಟೆಗೂ ಅಂಟಿ ಒಳಗೆ ಬರಬಲ್ಲದು. ಅದರೊಂದಿಗೆ ಕೊಡುವ ಹರ್ಪಿಸ್ ಮತ್ತು ಕ್ಯಾಲಿಸಿ ಲಸಿಕೆಗಳು ಸೀನು, ಕಣ್ಣುನೀರಿನ ಕಾಯಿಲೆಯನ್ನು ಪೂರ್ತಿ ತಡೆಯದಿದ್ದರೂ ಅದರ ತೀವ್ರತೆಯನ್ನು ತಗ್ಗಿಸುತ್ತವೆ. ಬೆಕ್ಕಿಗೂ ರೇಬೀಸ್ ಬರುತ್ತದೆಂಬುದನ್ನು ನೆನಪಿಡಿ.

ಚುಚ್ಚಿದ ಮೇಲೆ ಒಂದೆರಡು ದಿನ ಮಂಕಾಗಿರುವುದು, ಸಣ್ಣ ಗಂಟು ಏಳುವುದು ಸಹಜ. ಮುಖ ಊದಿದರೆ, ಮತ್ತೆ ಮತ್ತೆ ವಾಂತಿಯಾದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಿರಿ. ನೀವು ಕೇಳಿರುವ ಗಡ್ಡೆ, ಅಂದರೆ ಚುಚ್ಚಿದ ಜಾಗದಲ್ಲಿ ಏಳುವ ಕ್ಯಾನ್ಸರ್, ಬಹಳ ಅಪರೂಪ, ಆದರೆ ಸುಳ್ಳಲ್ಲ. ಗಂಟು ಮೂರು ತಿಂಗಳಾದರೂ ಉಳಿದರೆ, 2 ಸೆಂಟಿಮೀಟರಿಗಿಂತ ದೊಡ್ಡದಾದರೆ, ಇಲ್ಲವೇ ಚುಚ್ಚಿದ ಒಂದು ತಿಂಗಳ ನಂತರವೂ ಬೆಳೆಯುತ್ತಲೇ ಇದ್ದರೆ, ಈ ಮೂರರಲ್ಲಿ ಒಂದೇ ಕಂಡರೂ ಅದರ ತುಣುಕನ್ನು ಪರೀಕ್ಷೆಗೆ ಕಳಿಸಬೇಕು.