ಸಂಪಾದಕರ ಉತ್ತರ: ಕೊಂಡ ಇ-ಪುಸ್ತಕ ಕೊಡಗಿನಲ್ಲಿ ಮಾರಾಟವಾಗಬೇಕಾದರೆ

ಪತ್ರದ ಸಾರ: "ಪದವಿ ಮುಗಿಸಿ ಮನೆಯಲ್ಲಿದ್ದೇನೆ, ಅಪ್ಪನ ತೋಟದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಜಾಹೀರಾತು ನೋಡಿ, ಮರುಮಾರಾಟದ ಹಕ್ಕಿದೆ ಎಂಬ ಐದು ಸಾವಿರ ಇಂಗ್ಲಿಷ್ ಇ-ಪುಸ್ತಕಗಳನ್ನು 999 ರೂಪಾಯಿಗೆ ಕೊಂಡೆ. ಗಿಡಗಳ ರೋಗದ ಕುರಿತ ಒಂದನ್ನು ಆ್ಯಪ್‌ನಲ್ಲಿ ಅನುವಾದಿಸಿ, ಕರಿಮೆಣಸಿನ ಚಿತ್ರ ಹಾಕಿ 199 ರೂಪಾಯಿಗೆ ಇಟ್ಟೆ. ನಾಲ್ವರು ಕೊಂಡರು, ಒಬ್ಬರು ಹಣ ವಾಪಸ್ ಕೇಳಿದ್ದಾರೆ. ಇನ್ನೂ ಇಪ್ಪತ್ತು ಪುಸ್ತಕ ಹಾಕಿದರೆ ವರಮಾನ ಬರಬಹುದೆ? ಮಾಡಿದ ಪುಸ್ತಕವನ್ನೂ ಕಳಿಸಿದ್ದೇನೆ." — ನಾಪೋಕ್ಲು ಕಡೆಯ ಓದುಗರು

ಬರುವುದಿಲ್ಲ. ಇಪ್ಪತ್ತು ಹಾಕುವುದಿರಲಿ, ಈಗಿರುವ ಒಂದನ್ನು ಇವತ್ತೇ ಮಾರಾಟದಿಂದ ತೆಗೆಯಿರಿ. ಕಾರಣ ಅದರ 14ನೇ ಪುಟದಲ್ಲಿದೆ.

ಶಿಲೀಂಧ್ರ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಅಲ್ಲಿ "4-4-50" ಎಂದಷ್ಟೇ ಇದೆ. ಇದು ಅಮೆರಿಕದ ಲೆಕ್ಕ: ನಾಲ್ಕು ಪೌಂಡ್ ಮೈಲುತುತ್ತ, ನಾಲ್ಕು ಪೌಂಡ್ ಸುಣ್ಣ, ಐವತ್ತು ಗ್ಯಾಲನ್ ನೀರು. ಪೌಂಡ್ ಎಂದರೆ 454 ಗ್ರಾಂ, ಅಲ್ಲಿನ ಗ್ಯಾಲನ್ 3.785 ಲೀಟರ್. ಹಾಗಾಗಿ 189 ಲೀಟರ್ ನೀರಿಗೆ 1.8 ಕೆ.ಜಿ. ಮೈಲುತುತ್ತ ಆಯಿತು, ನಮ್ಮವರು ಹೊಡೆಯುವ ಶೇ. 1ರ ದ್ರಾವಣಕ್ಕೆ ಸರಿಸುಮಾರು ಅದೇ ಪ್ರಮಾಣ. ಆದರೆ ಕೊಡಗಿನ ಬೆಳೆಗಾರ ಈ ಅಂಕಿಗಳನ್ನು ಕೆ.ಜಿ., ಲೀಟರ್ ಎಂದೇ ಓದುತ್ತಾನೆ. ಆಗ ದ್ರಾವಣ ಶೇ. 8 ಆಗುತ್ತದೆ, ಬಳ್ಳಿಯ ಎಳೆ ಎಲೆಗಳು ಸುಟ್ಟು ಹೋಗುತ್ತವೆ. ಹಣ ವಾಪಸ್ ಕೇಳಿದವರಿಗೆ ಕೊಟ್ಟುಬಿಡಿ. ಉಳಿದ ಮೂವರಿಗೂ ಆ ಪುಟ ತಪ್ಪೆಂದು ಸಂದೇಶ ಕಳಿಸಿ. ಇದರಲ್ಲಿ ತಡ ಮಾಡಬೇಡಿ.

ಇನ್ನು ಹಕ್ಕಿನ ಮಾತು. ಕಟ್ಟಿನ ಪ್ರತಿ ಪುಸ್ತಕದ ಜೊತೆ ಪರವಾನಗಿಯ ಕಡತ ಇದೆಯೇ ನೋಡಿ. ಇಲ್ಲದಿದ್ದರೆ, ಅಥವಾ ಹಕ್ಕು ಕೊಟ್ಟವರು ಯಾರೆಂದು ಅದರಲ್ಲಿ ಹೇಳದಿದ್ದರೆ, ಆ ಪುಸ್ತಕ ಮುಟ್ಟಬೇಡಿ. ಇಂಥ ಕಟ್ಟುಗಳಲ್ಲಿ ಬೇರೆಯವರ ಪುಸ್ತಕವನ್ನು ಕದ್ದು ಸೇರಿಸಿರುವುದೂ ಉಂಟು. ಪರವಾನಗಿ ಇದ್ದರೂ ಎಲ್ಲವೂ ಒಂದೇ ಬಗೆಯದಲ್ಲ. "ರೀಸೇಲ್ ರೈಟ್ಸ್" ಎಂದಿದ್ದರೆ ಸಾಮಾನ್ಯವಾಗಿ ಇದ್ದದ್ದನ್ನು ಇದ್ದ ಹಾಗೆ ಮಾರಬಹುದು, ತಿದ್ದುವಂತಿಲ್ಲ. "ಮಾಸ್ಟರ್ ರೀಸೇಲ್" ಎಂದರೆ ಮಾರುವ ಹಕ್ಕನ್ನೂ ಕೊಂಡವರಿಗೆ ದಾಟಿಸಬಹುದು. ತಿದ್ದಿ, ನಿಮ್ಮ ಹೆಸರು ಹಾಕಿ ಮಾರಲು "ಪ್ರೈವೇಟ್ ಲೇಬಲ್ ರೈಟ್ಸ್" ಬೇಕು. ಆಗಲೂ ಅನುವಾದಕ್ಕೆ ಅನುಮತಿ ಇದೆಯೇ, ಚಿತ್ರಗಳೂ ಸೇರಿವೆಯೇ ಎಂದು ಓದಿ ನೋಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದ ಪ್ರತ್ಯೇಕ ಹಕ್ಕು, ಪರವಾನಗಿ ಲಿಖಿತವಾಗಿರಬೇಕು. ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಎಂದು 63ನೇ ಕಲಮು ಹೇಳುತ್ತದೆ. ಕಾಫಿ ಮಂಡಳಿಯ ಕೈಪಿಡಿಗಳಿಗೂ ಹಕ್ಕುಸ್ವಾಮ್ಯ ಇದೆ, ಪ್ಯಾರಾ ಎತ್ತಿ ಹಾಕುವಂತಿಲ್ಲ. ಅಲ್ಲಿನ ಪ್ರಮಾಣ, ತಿಂಗಳು, ಅಳತೆಗಳನ್ನು ನಿಮ್ಮ ಮಾತಿನಲ್ಲಿ ಬರೆಯಲು ಅಡ್ಡಿಯಿಲ್ಲ.

ತಿದ್ದುವ ಹಕ್ಕಿರುವ ಪುಸ್ತಕ ಸಿಕ್ಕಿತು ಎನ್ನೋಣ. ಅದನ್ನು ಮನೆಯ ಅಡಿಪಾಯದಷ್ಟೇ ಎಂದುಕೊಳ್ಳಿ. ಅದೇ ಇಂಗ್ಲಿಷ್ ಕಡತ ಸಾವಿರಾರು ಜನರ ಕೈಯಲ್ಲಿದೆ, ಆ್ಯಪ್ ಎಲ್ಲರಿಗೂ ಅದೇ ಕನ್ನಡ ಕೊಡುತ್ತದೆ. ಓದುಗ ದುಡ್ಡು ಕೊಡುವುದು ನೀವು ಸೇರಿಸಿದ್ದಕ್ಕೆ. "ಗಿಡಗಳ ರೋಗ" ಎಂಬುದು ಯಾರಿಗೂ ಬೇಡದಷ್ಟು ಅಗಲವಾದ ವಿಷಯ. ಅದನ್ನು "ಕಾಫಿ ತೋಟದ ಕರಿಮೆಣಸಿಗೆ ಶೀಘ್ರ ಸೊರಗು ರೋಗ: ಮೇಯಿಂದ ಸೆಪ್ಟೆಂಬರ್" ಎಂದು ಕಿರಿದು ಮಾಡಿ. ಮೂರು ಎಕರೆಯವನು ಮಳೆ ಹಿಡಿಯುವ ಮುಂಚೆ ಹುಡುಕುವುದು ಅದನ್ನೇ.

ನಿಮ್ಮ 14ನೇ ಪುಟ ಆಗ ಹೇಗಿರಬೇಕು? ಗ್ಯಾಲನ್ ಬಿಟ್ಟು ನಮ್ಮ ತೋಟದ ಅಳತೆಗೆ, ಅಂದರೆ 200 ಲೀಟರ್ ಬ್ಯಾರೆಲ್‌ಗೆ ಬನ್ನಿ. 2 ಕೆ.ಜಿ. ಮೈಲುತುತ್ತವನ್ನು 100 ಲೀಟರ್ ನೀರಿನಲ್ಲಿ ಕರಗಿಸಬೇಕು, 2 ಕೆ.ಜಿ. ಸುಣ್ಣವನ್ನು ಬೇರೆ 100 ಲೀಟರ್‌ನಲ್ಲಿ ಕಲಸಿ ಸೋಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕುತ್ತಿರಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ ಪಾತ್ರೆಯನ್ನು ತುತ್ತ ತಿನ್ನುತ್ತದೆ. ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಜೊತೆಗೆ ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ದ್ರಾವಣವನ್ನು ಒಂದೊಂದು ಬಳ್ಳಿಯ ಬುಡಕ್ಕೆ 5ರಿಂದ 10 ಲೀಟರ್ ಸುರಿಯಬೇಕು. ಮೊದಲ ಮಳೆಗಳು ಬಿದ್ದ ಮೇಲೆ ಮೇ-ಜೂನ್‌ನಲ್ಲಿ ಒಮ್ಮೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬಿಡುವು ನೋಡಿ ಮತ್ತೊಮ್ಮೆ. ಚಾಕು ಅದ್ದಿದ ಫೋಟೊಗಳನ್ನು ನೀವೇ ತೆಗೆಯಿರಿ, ಕೆಂಪು ಬಂದದ್ದು ಒಂದು, ಬಾರದ್ದು ಒಂದು.

ಮೂಲದಲ್ಲಿರುವ "ಕೊನೆಯ ಹಿಮದ ನಂತರ" ಎಂಬಂಥ ವಾಕ್ಯಗಳನ್ನು ಕಿತ್ತು ಹಾಕಿ. ಭಾರತದಲ್ಲಿ ಆ ಬೆಳೆಗೆ ನೋಂದಣಿಯಾಗದ ಔಷಧಿಯ ಹೆಸರು ಒಂದೂ ಉಳಿಯಬಾರದು. ಮುಗಿದ ಮೇಲೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲೋ ಪ್ರಮಾಣದ ಪುಟಗಳನ್ನು ತೋರಿಸಿ ಸರಿ ಮಾಡಿಸಿಕೊಳ್ಳಿ. ನಿಮ್ಮ ಪುಸ್ತಕದ 38 ಪುಟ 16ಕ್ಕೆ ಇಳಿದರೆ ಒಳ್ಳೆಯದೇ.

ಅಕ್ಷರದ ಕೆಲಸವನ್ನು ಹಗುರವಾಗಿ ಎಣಿಸಬೇಡಿ. ನೀವು ಕಳಿಸಿದ ಕಡತದಲ್ಲಿ ಹಲವೆಡೆ ಒತ್ತಕ್ಷರ ಚದುರಿದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿದೆ. ಹಳೆಯ ನುಡಿ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ತಂದರೆ ಹೀಗಾಗುವುದುಂಟು. ನೋಟೊ ಸಾನ್ಸ್ ಕನ್ನಡ ಅಥವಾ ತಿರೋ ಕನ್ನಡ ಬಳಸಿ, ಎರಡೂ ಮುಕ್ತ ಪರವಾನಗಿಯವು, ಮಾರುವ ಪುಸ್ತಕಕ್ಕೂ ನಡೆಯುತ್ತವೆ. ಪುಟದ ಅಳತೆ ಎ5 ಇರಲಿ, ಅಕ್ಷರ ಫೋನಿನಲ್ಲಿ ಹಿಗ್ಗಿಸದೆ ಓದುವಷ್ಟು ದೊಡ್ಡದಿರಲಿ. ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ, ಕಡತ 5 ಎಂ.ಬಿ. ದಾಟದಿರಲಿ.

ಇದನ್ನೇ ಓದಿ ಯೂಟ್ಯೂಬ್‌ಗೆ ಹಾಕುವ ಯೋಚನೆ ಬಂದರೆ ಬಿಡಿ. ಜಾಹೀರಾತಿನ ಹಣಕ್ಕೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಅದಾದರೂ ಬೇರೆಯವರ ಸಾಮಗ್ರಿಯನ್ನು ಹೆಚ್ಚು ಬದಲಿಸದೆ ಹಾಕುವ ಚಾನೆಲ್‌ಗೆ ಹಣ ಕೊಡುವುದಿಲ್ಲ.

ಬೆಲೆ 149 ಇಡಿ. ನೂರು ಪ್ರತಿ ಹೋದರೆ 14,900. ಪಾವತಿ ಸೇವೆಯವರು ಶೇ. 2ರ ಆಸುಪಾಸು, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತಾರೆ. ಏಪ್ರಿಲ್ ಕೊನೆಗೆ ಸಿದ್ಧವಿರಬೇಕು, ಜುಲೈನಲ್ಲಿ ತಂದರೆ ಮೊದಲ ಸಿಂಪಡಣೆ ಮುಗಿದಿರುತ್ತದೆ. ಪ್ರಮಾಣದ ಒಂದು ಪುಟವನ್ನು ಉಚಿತವಾಗಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಿಡಿ, ಕೆಳಗೆ ಖರೀದಿಯ ಕೊಂಡಿ ಇರಲಿ. ಅದೇ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಗೊಬ್ಬರದಂಗಡಿ, ಪ್ರಾಥಮಿಕ ಕೃಷಿ ಸಹಕಾರ ಸಂಘಗಳಲ್ಲಿ (ಪ್ಯಾಕ್ಸ್) ಇಟ್ಟರೆ ಫೋನಿನಲ್ಲಿ ಹಣ ಕಟ್ಟಲು ಹಿಂಜರಿಯುವವರೂ ಕೊಳ್ಳುತ್ತಾರೆ.

ನಿಮ್ಮ ಕಟ್ಟಿನಲ್ಲಿ ಅತಿಥಿಗೃಹ ನಡೆಸುವವರ ಚೆಕ್‌ಲಿಸ್ಟ್‌ಗಳೂ ಇವೆ ಎಂದು ಬರೆದಿದ್ದೀರಿ. ನಮಗೆ ಅದರ ಮೇಲೆ ಹೆಚ್ಚು ಭರವಸೆ. ಕೊಡಗಿನ ಹೋಂಸ್ಟೇಯವರಿಗೆ ಮನೆ ನಿಯಮದ ಹಾಳೆ, ಕೋಣೆ ಸ್ವಚ್ಛತೆಯ ಪಟ್ಟಿ, ಅತಿಥಿ ದಾಖಲೆಯ ನಮೂನೆ ನಿತ್ಯ ಬೇಕು. ಆ ಇಂಗ್ಲಿಷ್ ಪಟ್ಟಿಗಳಲ್ಲಿ ಇಲ್ಲದ್ದನ್ನು ನೀವು ಸೇರಿಸಿ: ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕೊಡಬೇಕಾದ ವಿವರ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಬರೆಯುವ ಜಾಗ, ಕರೆಂಟು ಹೋದಾಗಿನ ಸೂಚನೆ, ಜಿಗಣೆ ಹಿಡಿದರೆ ಏನು ಮಾಡಬೇಕೆಂಬ ಸಾಲು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಡಿ, ಮನೆಯ ಹೆಸರನ್ನು ಅವರೇ ತುಂಬುವಂತೆ ವರ್ಡ್ ಕಡತವಾಗಿ ಕೊಡಿ. ಒಂದು ಕಟ್ಟಿಗೆ 499 ಕೇಳಬಹುದು. ಮೊದಲು ನಿಮ್ಮೂರಿನ ಇಬ್ಬರು ಹೋಂಸ್ಟೇಯವರಿಗೆ ಪುಕ್ಕಟೆ ಕೊಟ್ಟು ತಿಂಗಳು ಬಳಸಲು ಹೇಳಿ. ಅವರು ಖಾಲಿ ಬಿಟ್ಟ ಅಂಕಣಗಳನ್ನು ತೆಗೆದು, ಪೆನ್ನಿನಲ್ಲಿ ಗೀಚಿ ಸೇರಿಸಿದ್ದನ್ನು ಅಚ್ಚಿಗೆ ತನ್ನಿ, ಆಮೇಲೆ ಮಾರಾಟಕ್ಕಿಡಿ.