ಪ್ರಾಪ್ (ಪ್ರೊಪೆಲ್ಲರ್) ತಿರುಗೋವಾಗ ಅದರ ಮುಂದೆ ಕೈಗೆ ಕೆಲಸಾನೇ ಇರ್ಬಾರ್ದು

ಪ್ರಶ್ನೆ: ಸರ್, ನಾನು ದಾವಣಗೆರೇಲಿ ಇಂಜಿನಿಯರಿಂಗ್ ಓದ್ತಿದೀನಿ. ಸೀನಿಯರ್ ಒಬ್ರ ಹತ್ರ ಪಾಯಿಂಟ್ 46 (0.46 ಘನ ಇಂಚು) ಗ್ಲೋ ಇಂಜಿನ್, ಅಂದ್ರೆ ಕಾದ ಪ್ಲಗ್‌ನಿಂದ ಫ್ಯೂಯಲ್ ಹತ್ಕೊಳ್ಳೋ ಪುಟ್ಟ ಇಂಜಿನ್ ಇರೋ, ಕಲಿಯೋರಿಗೆ ಅಂತ ಮಾಡಿರೋ ರಿಮೋಟ್ ಮಾಡೆಲ್ ವಿಮಾನ (ಟ್ರೈನರ್) ತಗೊಂಡೆ. ಅವ್ರು ಬೆರಳಲ್ಲೇ ಪ್ರಾಪ್ ಹೊಡೆದು ಸ್ಟಾರ್ಟ್ ಮಾಡ್ತಿದ್ರು, ನಂಗೆ ಭಯ. ದಪ್ಪ ಲೆದರ್ ಗ್ಲೌಸ್ ಹಾಕ್ಕೊಂಡ್ರೆ ಸಾಕಾ?

ಉತ್ತರ: ಸಾಕಾಗಲ್ಲ ತಮ್ಮಾ. 10 ಇಂಚಿನ ಪ್ರಾಪ್ ನಿಮಿಷಕ್ಕೆ 10,000 ಸುತ್ತು ತಿರುಗಿದ್ರೆ ಅದರ ತುದಿ ಗಂಟೆಗೆ ಹತ್ತತ್ರ 480 ಕಿಲೋಮೀಟರ್ ಸ್ಪೀಡಲ್ಲಿರುತ್ತೆ, ಐಡಲ್‌ನಲ್ಲಿ 2,500 ಅಂದ್ರೂ ಎರಡು ಬ್ಲೇಡ್ ಸೇರಿ ಸೆಕೆಂಡಿಗೆ 80ಕ್ಕೂ ಹೆಚ್ಚು ಸಲ ಅದೇ ಜಾಗ ದಾಟ್ತವೆ, ಅದನ್ನ ಚರ್ಮದ ಗ್ಲೌಸ್ ತಡೆಯಲ್ಲ, ಸಡಿಲ ಇದ್ರೆ ಅದೇ ಸಿಕ್ಕಾಕ್ಕೊಂಡು ಕೈನೂ ಎಳ್ಕೊಳ್ಳುತ್ತೆ.

ಬೆರಳಲ್ಲಿ ಹೊಡೆಯೋದು ಬಿಟ್ಟುಬಿಡು. ಕೋಲಿಗೆ ದಪ್ಪ ರಬ್ಬರ್ ಪೈಪ್ ಹಾಕಿರೋ ಚಿಕನ್ ಸ್ಟಿಕ್ ತಗೋ, ಇಲ್ಲಾಂದ್ರೆ ಪ್ರಾಪ್ ಮಧ್ಯದ ಚೂಪು ಮುಚ್ಚಳ ಸ್ಪಿನ್ನರ್‌ಗೆ ಒತ್ತಿ ಹಿಡಿಯೋ 12 ವೋಲ್ಟ್ ಸ್ಟಾರ್ಟರ್. ಆದ್ರೆ ಸ್ಟಾರ್ಟರ್ ಇಡೋ ಮುಂಚೆ ಗ್ಲೋ ಕ್ಲಿಪ್ (ಪ್ಲಗ್ ಕಾಯಿಸೋಕೆ ಬ್ಯಾಟರಿ ಕರೆಂಟ್ ಕೊಡೋದು) ತೆಗೆದಿಟ್ಟು ಪ್ರಾಪ್ ನಿಧಾನಕ್ಕೆ ತಿರುಗಿಸಿ ನೋಡು. ಗಟ್ಟಿಯಾಗಿ ನಿಂತ್ಕೊಂಡ್ರೆ ಒಳಗೆ ಫ್ಯೂಯಲ್ ತುಂಬಿದೆ ಅಂತ, ಪ್ಲಗ್ ಬಿಚ್ಚಿ ಆ ಫ್ಯೂಯಲ್ ಹೊರಗೆ ಹಾಕ್ಬೇಕು, ಹಂಗೇ ಸ್ಟಾರ್ಟರ್ ಒತ್ತಿದ್ರೆ ಕನೆಕ್ಟಿಂಗ್ ರಾಡೇ ಬಗ್ಗುತ್ತೆ. ಫ್ಯೂಯಲ್ ಜಾಸ್ತಿಯಾದ ಇಂಜಿನ್ ಉಲ್ಟಾ ಒದೆಯೋದೂ ಉಂಟು.

ಸ್ಟಾರ್ಟ್ ಆದ್ಮೇಲೆ ಇನ್ನೂ ಹುಷಾರಾಗಿರ್ಬೇಕು. ಇಂಜಿನ್ ಹತ್ಕೊಂಡ ಖುಷೀಲಿ ಮುಂದೆ ಕೂತಲ್ಲಿಂದಾನೇ ಪ್ರಾಪ್ ಮೇಲೆ ಕೈ ಚಾಚಿ ಗ್ಲೋ ಕ್ಲಿಪ್ ಕೀಳ್ತಾರೆ, ಫ್ಯೂಯಲ್ ಹೆಚ್ಚುಕಮ್ಮಿ ಮಾಡೋ ನೀಡಲ್ ತಿರುಗಿಸ್ತಾರೆ, ಬೆರಳು ಹೋಗೋದು ಅಲ್ಲೇ! ಎದ್ದು ಸುತ್ತಾಕ್ಕೊಂಡು ರೆಕ್ಕೆ ಹಿಂದಕ್ಕೆ ಬಾ, ಆಮೇಲೆ ಕ್ಲಿಪ್ ತೆಗಿ, ನೀಡಲ್ ಮುಟ್ಟು. ಮನೇಲೇ ಕೂತು ಗ್ಲೋ ಪ್ಲಗ್‌ಗೆ ವೈರ್ ಎಳೆದು ಕನೆಕ್ಷನ್ ಪಾಯಿಂಟನ್ನ ಬಾಡಿ ಪಕ್ಕ, ಹಿಂದಕ್ಕೆ ಕೂರಿಸ್ಕೊಂಡ್ರೆ ಮುಂದೆ ಕೈ ಹಾಕೋ ಪ್ರಸಂಗಾನೇ ಬರಲ್ಲ. ನಂಗಂತೂ ಎಲ್ಲಾ ಗ್ಲೌಸ್‌ಗಿಂತ ಇದೇ ಮೇಲು ಅನ್ಸುತ್ತೆ.

ಸ್ಟಾರ್ಟ್ ಮಾಡೋವಾಗ ಥ್ರಾಟಲ್ ಕೆಳಗಿದೆಯಾ ನೋಡ್ಕೋ, ಫುಲ್‌ನಲ್ಲಿದ್ರೆ ವಿಮಾನ ಮೈಮೇಲೇ ಬರುತ್ತೆ. ಫ್ರೆಂಡ್ ಒಬ್ರು ಹಿಂದಿನಿಂದ ಗಟ್ಟಿಯಾಗಿ ಹಿಡಿದಿರ್ಲಿ, ಒಬ್ಬನೇ ಇದ್ರೆ ಬಾಲಕ್ಕೆ ಹಗ್ಗ ಹಾಕಿ ಗೂಟಕ್ಕೆ ಕಟ್ಟು. ಕಾಲೇಜಿನ ಐಡಿ ಕಾರ್ಡ್ ಟ್ಯಾಗ್, ರಿಮೋಟ್ ಸ್ಟ್ರಾಪ್, ಕುತ್ತಿಗೇಲಿ ಜೋತಾಡೋದು ಏನಿದ್ರೂ ತೆಗೆದು ಬ್ಯಾಗಿಗೆ ಹಾಕು, ಬಗ್ಗಿದಾಗ ನೇರ ಪ್ರಾಪ್‌ಗೇ ಹೋಗುತ್ತೆ. ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ಹಾರಿಸ್ತೀರ ಅಂದ್ರೆ ಕಲ್ಲು, ಕಡ್ಡಿ ಇಲ್ಲದ ಕಡೆ ಇಡು. ಪ್ರಾಪ್‌ನ ಸೀದಾ ಪಕ್ಕಕ್ಕೆ ಯಾರನ್ನೂ ನಿಲ್ಸಬೇಡ, ಬ್ಲೇಡ್ ಮುರಿದ್ರೆ ಆ ಕಡೆಗೇ ಹಾರುತ್ತೆ. ಚೂರು ಕಿತ್ತಿರೋ ಪ್ರಾಪ್ ಅಂಟಿಸಿ ಹಾಕೋದಂತೂ ಬೇಡವೇ ಬೇಡ, ಎಸೆದುಬಿಡು.

ಹಿಂಗೆಲ್ಲಾ ಮಾಡಿನೂ ತಗುಲಿದ್ರೆ, ಕಾಫಿ ಪುಡಿ ಅರಿಶಿನ ಒತ್ತಬೇಡ. ಶುಭ್ರ ಬಟ್ಟೆ ಒತ್ತಿ ಹಿಡಿದು, ಕೈ ಮೇಲಕ್ಕೆತ್ಕೊಂಡು ತಕ್ಷಣ ಆಸ್ಪತ್ರೆಗೆ ಹೋಗು, ಗಾಯ ಸಣ್ಣದು ಕಂಡ್ರೂ ಬೆರಳು ಮಡಚೋ ಹುರಿ (ಟೆಂಡನ್) ಇಲ್ಲಾ ನರ ತುಂಡಾಗಿರಬಹುದು, ಡಾಕ್ಟರ್ ಬೆರಳು ಮಡಚಿಸಿ ನೋಡ್ಲಿ, ಟೆಟನಸ್ ಇಂಜೆಕ್ಷನ್ ಬೇಕಾ ಅಂತಾನೂ ಕೇಳು.